ಸನ್ಮಾನದ ಶಾಲು

ನಿವೃತ್ತ ಮೇಜರ್ ಜನರಲ್ ಮಡಿವಾಳಪ್ಪನವರ ಮಣ್ಣಾದ ಮೂರನೆಯ ದಿನ ಹಳೇ ಹುಬ್ಬಳ್ಳಿಯಲ್ಲಿ ಕಮರುದ್ದೀನನ ಗ್ಯಾರೇಜಿಗೆ ಬೆಂಕಿ ಹಚ್ಚಿದರು. ರಿಪೇರಿಗೆ ಬಂದಿದ್ದ ಎರಡು ಆಟೋಗಳು ಸುಟ್ಟವು. ಪೊಲೀಸರು ಬಂದು ಕಮರುದ್ದೀನನನ್ನು ಹಿಡಿದುಕೊಂಡು ಹೋದರು.

ಮುರಿಗೆವ್ವ ಇದನ್ನು ಟಿವಿಯಲ್ಲಿ ನೋಡಿದಳು, ವಿದ್ಯಾನಗರದ ಮನೆಯ ಪಡಸಾಲೆಯಲ್ಲಿ, ಮಾತಾಡಿಸಲು ಬಂದವರ ನಡುವೆ ಕೂತು. ಜನರಲ್ ಸಾಹೇಬರ ಬೆನ್ನಿಗೆ ಬಿದ್ದ ತಂಗಿ ಅವಳು. ಗಂಡ ತೀರಿಕೊಂಡ ಮೇಲೆ ಧಾರವಾಡದ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತ ಬದುಕು ಸವೆಸಿ, ನಿವೃತ್ತಳಾಗಿ, ಹೆಂಡತಿಯನ್ನು ಕಳೆದುಕೊಂಡಿದ್ದ ಅಣ್ಣನ ಮನೆಗೆ ಬಂದು ನಿಂತವಳು. ಅಣ್ಣನಿಗೆ ಮಕ್ಕಳಿರಲಿಲ್ಲ, ತಂಗಿಗೂ ಇರಲಿಲ್ಲ. ಇಬ್ಬರೂ ದಿನಾ ಜಗಳಾಡಿಕೊಂಡು ಸುಖವಾಗಿದ್ದರು.

ಟಿವಿಯಲ್ಲಿ ಗ್ಯಾರೇಜು ಉರಿಯುತ್ತಿತ್ತು. ಸೋಫಾದ ಮೇಲಿದ್ದ ಹಿರಿಯರೊಬ್ಬರು ಅದನ್ನು ನೋಡುತ್ತಲೇ ತಮ್ಮ ಅವಲಕ್ಕಿಗೆ ಇನ್ನಿಷ್ಟು ಶೇಂಗಾ ಹಾಕಿಸಿಕೊಂಡರು. ಇನ್ನೊಬ್ಬರು, ಬೆಂಕಿ ಹಚ್ಚಿದ್ದು ತಪ್ಪೇ, ಆದರೂ ಹುಡುಗರ ಸಿಟ್ಟೂ ಸುಳ್ಳಲ್ಲವಲ್ಲ ಎಂದರು. ಅಲ್ಲಿದ್ದವರೆಲ್ಲ ಹೌದೆಂದು ಗೋಣು ಹಾಕಿದರು. ಈ ಊರಿನ ಪೇಟೆಯಲ್ಲಿ ‘ಆದರೂ’ ಎಂಬ ಮಾತಿಗೆ ಇರುವಷ್ಟು ಗಿರಾಕಿ ಬೇರೆ ಯಾವ ಮಾಲಿಗೂ ಇಲ್ಲ. ತಪ್ಪು, ಆದರೂ. ಪಾಪ, ಆದರೂ. ನಮ್ಮ ಮನೆಗೆ ನಲವತ್ತು ವರ್ಷದಿಂದ ಬರುವವನು, ಆದರೂ.

ಮುರಿಗೆವ್ವನಿಗೆ ಅಲ್ಲಿ ಕೂಡಲಾಗಲಿಲ್ಲ. ಎದ್ದು ಅಂಗಳಕ್ಕೆ ಹೋದರೆ ಅಲ್ಲಿ ಮಾಲೆಗಳ ರಾಶಿ. ಯಾವ ಯಾವ ಸಂಘದ್ದೋ, ಯಾವ ಯಾವ ಬ್ಯಾಂಕಿನದೋ, ರಿಬ್ಬನ್ನಿನ ಮೇಲೆ ಕೊಟ್ಟವರ ಹೆಸರು ದೊಡ್ಡದು, ಸತ್ತವರ ಹೆಸರು ಸಣ್ಣದು. ಚೆಂಡುಹೂವು ಕೊಳೆತು ರಸ ಬಿಟ್ಟಿತ್ತು. ನೊಣ ಎದ್ದು ಮುಖಕ್ಕೆ ಬಡಿದವು. ಅವಳು ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಒಳಗಿನಿಂದ ಯಾರೋ, ಪಾಪ, ಅಣ್ಣನ ದುಃಖ ಎಂದರು.

ದುಃಖವಲ್ಲ ಅದು. ಅಣ್ಣ ಸತ್ತ ದುಃಖಕ್ಕೆ ಅವಳಿಗೆ ಇನ್ನೂ ಪುರುಸೊತ್ತೇ ಸಿಕ್ಕಿರಲಿಲ್ಲ.

ಸಾವಿನಲ್ಲಿ ಗುಟ್ಟೇನೂ ಇರಲಿಲ್ಲ. ಕಮರುದ್ದೀನ ಸೈನ್ಯದಲ್ಲಿ ಮಡಿವಾಳಪ್ಪನವರ ಜೀಪು ಓಡಿಸಿದವನು. ನಿವೃತ್ತನಾದ ಮೇಲೆ ಹಳೇ ಹುಬ್ಬಳ್ಳಿಯ ತನ್ನ ಓಣಿಯಲ್ಲೇ ಗ್ಯಾರೇಜು ಹಾಕಿಕೊಂಡ. ಸಾಹೇಬರೂ ನಿವೃತ್ತರಾಗಿ ಊರಿಗೆ ಬಂದಮೇಲೆ ದಿನಾ ಮುಂಜಾನೆ ಅವರ ಜೊತೆ ಒಂದು ಸುತ್ತು ನಡೆದು, ವರಾಂಡದಲ್ಲಿ ಚಹಾ ಕುಡಿದು, ಒಬ್ಬರಿಗೊಬ್ಬರು ಚಾಷ್ಟಿ ಮಾಡಿಕೊಂಡು, ಆಮೇಲೆಯೇ ಅವನು ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದ. ಸಾಹೇಬರ ಹೃದಯಕ್ಕೆ ಎರಡು ಸಲ ರಿಪೇರಿಯಾಗಿತ್ತು. ನಿನ್ನ ಗ್ಯಾರೇಜಿನಾಗ ನನ್ನ ಹಾರ್ಟಿಗೊಂದು ಪಾರ್ಟ್ ಸಿಗತೈತೇನಲೇ ಕಮರು ಎಂದು ಅವರು ಕೇಳಿದರೆ, ಸಿಗತೈತ್ರಿ ಸಾಹೇಬ್ರ, ಖರೇ ಸೆಕೆಂಡ್ ಹ್ಯಾಂಡ್ ಎಂದು ಇವನು ಹೇಳುತ್ತಿದ್ದ.

ಆವತ್ತೂ ನಡೆದು ಬಂದರು. ಮುರಿಗೆವ್ವ ಚಹಾ ಕಾಯಿಸಿದಳು. ಕಮರುದ್ದೀನ ಅಡಿಗೆಮನೆಯ ಬಾಗಿಲ ತನಕ ಬಂದು ಕಪ್ಪುಗಳನ್ನು ಇಸಿದುಕೊಂಡು ಹೋದ. ಸಾಹೇಬರು ಎರಡು ಗುಟುಕು ಕುಡಿದು, ಇವತ್ತ ಸಕ್ರಿ ಹಾಕಿಯೇನ ಮುರಿಗಿ ಎಂದು ಕೂಗಿ ಕೇಳಿದರು. ಎಷ್ಟೋ ವರ್ಷದಿಂದ ಅವರ ಚಹಾಕ್ಕೆ ಸಕ್ಕರೆ ಇಲ್ಲ. ಇಲ್ಲ ಎನ್ನಲು ಅವಳು ಹೊರಗೆ ಬರುವಷ್ಟರಲ್ಲಿ ಗೋಣು ಎದೆಯ ಮೇಲೆ ಬಿದ್ದಿತ್ತು. ಪಕ್ಕದ ಮನೆಯ ಡಾಕ್ಟರ್ ಮಂದಾಕಿನಿ ಇದ್ದ ಬಟ್ಟೆಯಲ್ಲೇ ಓಡಿ ಬಂದರು. ಎದೆ ಒತ್ತಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಹಾರ್ಟ್ ನಿಂತದ ಎಂದು ಎದ್ದರು. ಹೀಗಾಗಬಹುದೆಂದು ಅವರು ಮೊದಲೇ ಹೇಳಿದ್ದರು. ಹೀಗೇ ಆಯಿತು.

ಮುಂದಿನದು ಈ ಸೀಮೆಯ ಲಿಂಗಾಯತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸತ್ತವರನ್ನು ಇವರು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕಾಲು ಮಡಚಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂತಂತೆಯೇ ವಿಮಾನವೆಂಬ ಚಟ್ಟ ಕಟ್ಟಿ ಹೊತ್ತೊಯ್ದು, ಕೂತಂತೆಯೇ ಕುಣಿಗೆ ಇಳಿಸುತ್ತಾರೆ. ಹೆಣ ಸೆಟೆದರೆ ಕಾಲು ಮಡಚುವುದಿಲ್ಲ. ಆದ್ದರಿಂದ ಲಗೂ ಕೂಡಿಸಬೇಕು. ದುರ್ಗದಬೈಲಿನಿಂದ ಬರಬೇಕಾದ ತಮ್ಮನ ಮಗ ಶಿವಯೋಗೀಶ ದಾರಿಯ ಗದ್ದಲದಲ್ಲಿ ಸಿಕ್ಕಿಕೊಂಡಿದ್ದ. ಕ್ರಿಯೆ ಮಾಡಿಸುವ ಅಯ್ಯನವರು ಇನ್ನೂ ಬಂದಿರಲಿಲ್ಲ. ಮುರಿಗೆವ್ವ ಅಣ್ಣನ ಮೈ ಒರೆಸಿ ತಲೆಗೆ, ಹಣೆಗೆ ವಿಭೂತಿ ಬಳಿದಳು. ಅವಳೂ ಕಮರುದ್ದೀನನೂ ಸೇರಿ ಕಾಲು ಮಡಚಿ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ತಲೆ ನಿಲ್ಲಲಿಲ್ಲ. ಯಾರದೂ ನಿಲ್ಲುವುದಿಲ್ಲ. ಹಣೆಗೆ ಒಂದು ಅರಿವೆ ಸುತ್ತಿ ಗೋಡೆಯ ಗೂಟಕ್ಕೋ ಮೊಳೆಗೋ ಬಿಗಿಯುತ್ತಾರೆ. ಗೋಡೆಯ ಮೇಲೆ ಸಾಹೇಬರು ಪದಕ ತೆಗೆದುಕೊಳ್ಳುತ್ತಿದ್ದ ಫೋಟೋ ಇತ್ತು. ಕಮರುದ್ದೀನ ಅದನ್ನು ಇಳಿಸಿದ. ಮೊಳೆ ಸಿಕ್ಕಿತು. ಅರಿವೆ ಬೇಕಾಯಿತು.

ಅವರದು ಹತ್ತಿ ವ್ಯಾಪಾರದ ಮನೆತನ. ಮನೆಯಲ್ಲಿ ಹತ್ತಿಯ ಧೋತರಗಳಿಗೆ ಬರವಿರಲಿಲ್ಲ. ಮುರಿಗೆವ್ವನ ಕೈ ಒಂದು ಹಳೆಯ ಧೋತರದ ಮೇಲೆ ಹೋಗಿಯೂ ಇತ್ತು. ಆದರೆ ಜನರಲ್ ಇದ್ದವನ ಹಣೆಗೆ ತೊಳೆದು ಬೆಳ್ಳಗಾದ ಧೋತರ ಕಟ್ಟುವುದೇ ಎಂದು ಮನಸ್ಸು ಹಿಂಜರಿಯಿತು. ಪಕ್ಕದ ಕಪಾಟಿನಲ್ಲಿ ಶಾಲುಗಳಿದ್ದವು. ಸನ್ಮಾನದ ಶಾಲುಗಳು. ಶಾಲೆ, ಕಾಲೇಜು, ಬ್ಯಾಂಕು, ಗಣಪತಿ ಮಂಡಳಿ, ಯಾರು ಕರೆದರೂ ಸಾಹೇಬರಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಈ ಊರಾಗ ನನಗ ಹೊಚ್ಚಿದ ಶಾಲಿನ್ಯಾಗ ಒಂದ ಪಲ್ಟನ್ನಿಗೆ ಪರದೆ ಹೊಲಿಸಬಹುದು ಎಂದು ಅವರೇ ನಗುತ್ತಿದ್ದರು. ಬಹುಪಾಲು ಶಾಲುಗಳು ಶಿವಯೋಗೀಶನ ಅಂಗಡಿಯವೇ. ದುರ್ಗದಬೈಲಿನಲ್ಲಿ ಅಜ್ಜನ ಹತ್ತಿಯ ವ್ಯಾಪಾರ ಮೊಮ್ಮಗನ ಕಾಲಕ್ಕೆ ಸನ್ಮಾನದ ಸಾಮಾನಿನ ವ್ಯಾಪಾರವಾಗಿತ್ತು. ಮುರಿಗೆವ್ವ ಇದ್ದುದರಲ್ಲಿ ಚಂದದ್ದು ತೆಗೆದಳು. ಮೆರೂನ್ ಬಣ್ಣ, ಬಂಗಾರದ ಅಂಚು, ನೋಡಲು ರೇಷ್ಮೆ, ಮುಟ್ಟಿದರೆ ಪ್ಲಾಸ್ಟಿಕ್ಕು.

ಕಟ್ಟಿದರು. ಅವಳು ದೀಪಕ್ಕೆ ಎಣ್ಣೆ ತರಲು ಒಳಗೆ ಹೋದಳು. ಕಮರುದ್ದೀನ ಬಂದವರ ಗಾಡಿ ನಿಲ್ಲಿಸಲು ಗೇಟಿಗೆ ಹೋದ. ಸಾಹೇಬರದು ಒಂದೂ ಕೂದಲಿಲ್ಲದ ಬೋಳುತಲೆ, ಮೇಲೆ ಹಸಿ ವಿಭೂತಿ. ಶಾಲು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ಜಾರಿ ಕೊರಳಲ್ಲಿ ಬಂದು ನಿಂತಿತು. ಮೈಭಾರವೆಲ್ಲ ಮುಂದಕ್ಕೆ ಬಂದು ಆ ಶಾಲಿಗೇ ಜೋತುಬಿತ್ತು. ಇದನ್ನು ಮೊದಲು ನೋಡಿದವನು ಆಗಷ್ಟೇ ಒಳಗೆ ಕಾಲಿಟ್ಟ ಶಿವಯೋಗೀಶ. ಅವನ ಕೂಗಿಗೆ ಇಬ್ಬರೂ ಓಡಿ ಬಂದರು. ಮೂವರೂ ಸೇರಿ ಎತ್ತಿದರು. ಶಿವಯೋಗೀಶನೇ ಹತ್ತಿಯ ಟವೆಲ್ಲು ತಂದು, ತನ್ನ ಕೈಯಾರೆ ದೊಡ್ಡಪ್ಪನ ಹಣೆಗೆ ಸುತ್ತಿ ಮೊಳೆಗೆ ಬಿಗಿದ. ಕೊರಳ ಮೇಲೆ ಒಂದು ಕಂದು ಗೆರೆ ಉಳಿಯಿತು. ಅದರ ಮೇಲೆ ಮಾಲೆ ಬಿತ್ತು.

ಅಷ್ಟೇ ನಡೆದದ್ದು. ಅಯ್ಯನವರು ಬಂದರು, ಭಜನೆಯವರು ಬಂದರು, ಬೆಳಗಾವಿಯಿಂದ ಜವಾನರು ಹೂಗುಚ್ಛ ತಂದು ಸೆಲ್ಯೂಟ್ ಹೊಡೆದರು. ಸಂಜೆಗೆ ಮಣ್ಣಾಯಿತು.

ಕುಣಿಯ ಮಣ್ಣು ಆರುವ ಮೊದಲೇ ಅನುಮಾನ ಹುಟ್ಟಿತು. ನಿನ್ನೆ ತನಕ ದಿನಾ ನಡೆಯುತ್ತಿದ್ದ ಗಟ್ಟಿ ಮನುಷ್ಯ ಹೀಗೆ ಸಾಯುವುದೆಂದರೇನು? ಕಾರಣವೂ ಕೈಯಲ್ಲೇ ಇತ್ತು. ಸೈನಿಕರ ವಿಧವೆಯರಿಗೆ ಮನೆ ಕಟ್ಟಲೆಂದು ಬಿಟ್ಟಿದ್ದ ಒಂದು ಮೈದಾನಕ್ಕೆ ಊರಿನ ರಾಜಕೀಯ ನಾಯಕರೊಬ್ಬರ ಕಡೆಯವರು ತಂತಿಬೇಲಿ ಹಾಕಿದ್ದರು. ಬೇಲಿ ಕೀಳದಿದ್ದರೆ ಅದರ ಬಾಗಿಲಿಗೆ ನಾನೇ ಕುರ್ಚಿ ಹಾಕಿಕೊಂಡು ಕೂಡುತ್ತೇನೆ ಎಂದು ಸಾಹೇಬರು ಹಿಂದಿನ ವಾರವಷ್ಟೇ ಮಾಜಿ ಸೈನಿಕರ ಸಭೆಯಲ್ಲಿ ಹೇಳಿದ್ದರು. ಸರಿ, ನಾಯಕರೇ ಕೊಲ್ಲಿಸಿದರು ಎಂದು ಆ ರಾತ್ರಿ ಫೋನುಗಳೆಲ್ಲ ಹೇಳಿದವು. ಶಿವಯೋಗೀಶನಂತೂ ಕುಣಿಯ ಬದಿಯಲ್ಲೇ ಕ್ಯಾಮೆರಾಗಳ ಮುಂದೆ ನಿಂತು, ದೊಡ್ಡಪ್ಪನ ಸಾವಿನ ಹಿಂದೆ ದೊಡ್ಡವರ ಕೈ ಇದೆ ಎಂದು ಎದೆ ಬಡಿದುಕೊಂಡ. ಮನೆಗೆ ಬಂದ ಮೇಲೆ ಮುರಿಗೆವ್ವ ಅವನನ್ನು ಒಳಗೆ ಕರೆದು, ಯಾರ ಕೈಯೂ ಇಲ್ಲ, ಬೇಲಿಯ ಜಗಳ ಬೇಲಿಯ ಮೇಲೇ ಆಡು, ಅಣ್ಣನ ಹೆಣದ ಮೇಲೆ ಆಡಬೇಡ ಎಂದಳು. ಅವನು ಅತ್ತೆಯ ಬೆನ್ನು ಸವರಿ ಹೊರಗೆ ಹೋದ.

ಮರುದಿನ ನಾಯಕರು ಬಂದರು. ಬಾಗಿಲಲ್ಲಿ ಹಾಯದಷ್ಟು ದೊಡ್ಡ ಹೂಮಾಲೆ ಮುಂದೆ, ಅವರು ಹಿಂದೆ. ಅವರದೂ ಬೋಳುತಲೆ, ಸೆಕೆಗೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಫೋಟೋದ ಮುಂದೆ ಕೈ ಮುಗಿದು, ಕ್ಯಾಮೆರಾದವನು ಸಾಕೆಂದು ಸನ್ನೆ ಮಾಡುವ ತನಕ ಕಣ್ಣು ಮುಚ್ಚಿ ನಿಂತರು. ಆಮೇಲೆ ಶಿವಯೋಗೀಶನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದರು. ಇಬ್ಬರೂ ಕಾರಿನಲ್ಲಿ ಗಾಜು ಏರಿಸಿ ಬಹಳ ಹೊತ್ತು ಕೂತರು. ಇಳಿದು ಬಂದ ಶಿವಯೋಗೀಶನ ಮುಖ ನೋಡಿದರೆ ಸೂತಕದ ಮನೆಯವನದಲ್ಲ, ಹೋಳಿಗೆ ಊಟ ಮಾಡಿ ಎದ್ದವನದು. ಮುಂದಿನ ಚುನಾವಣೆಗೆ ವಾರ್ಡಿನ ಟಿಕೆಟ್ಟು ಅವನಿಗೇ ಎಂದು ಆವತ್ತು ಸಂಜೆಯೇ ಅಂಗಡಿಯ ಹುಡುಗರು ಪೇಢೆ ಹಂಚಿದರು. ಸೂತಕದಲ್ಲಿ ಪೇಢೆ.

ಮಾರನೆಯ ಮುಂಜಾನೆ ಎಲ್ಲರ ಫೋನಿಗೂ ಒಂದು ಫೋಟೋ ಬಂತು. ಗೋಡೆಗೆ ಆನಿ ಕೂತ ಸಾಹೇಬರು, ಸರಿದ ಮಾಲೆ, ಕೊರಳ ಗೆರೆಯ ಸುತ್ತ ಎಳೆದ ಕೆಂಪು ದುಂಡು. ಆ ಹೊತ್ತಿನಲ್ಲಿ ಮನೆಯೊಳಗೆ ಇದ್ದವನು ಯಾರು, ಅವನ ಹೆಸರೇನು, ಅವನ ಓಣಿ ಯಾವುದು ಎಂದು ಕೆಳಗೆ ಬರೆದಿತ್ತು. ಇನ್ನೊಂದು ಫೋಟೋದಲ್ಲಿ ಚಹಾದ ಕಪ್ಪು, ಅದರ ಮೇಲೆ ತಲೆಬುರುಡೆ. ವಿಷ ಕುಡಿಸಿದವನು ಕೊರಳು ಯಾಕೆ ಹಿಸುಕಿದ, ಕೊರಳು ಹಿಸುಕಿದವನಿಗೆ ವಿಷ ಯಾಕೆ ಬೇಕಾಯಿತು ಎಂದು ಒಬ್ಬನೂ ಕೇಳಲಿಲ್ಲ. ಎರಡನ್ನೂ ಒಟ್ಟಿಗೇ ನಂಬಿದರು. ನಾಯಕರ ಹೆಸರು, ಮೈದಾನ, ತಂತಿಬೇಲಿ ಯಾವುದೂ ಯಾರ ಬಾಯಲ್ಲೂ ಉಳಿಯಲಿಲ್ಲ. ಸಂಜೆಗೆ ಗ್ಯಾರೇಜು ಉರಿಯಿತು.

ಬಾಯಿ ತೊಳೆದುಕೊಂಡು ಒಳಗೆ ಬಂದ ಮುರಿಗೆವ್ವ ಟಿವಿ ಬಂದ್ ಮಾಡಿದಳು. ಬರಿಯ ಮೊಳೆ ಇನ್ನೂ ಗೋಡೆಯಲ್ಲೇ ಇತ್ತು. ಅದರ ಕೆಳಗೆ ಹೋಗಿ ನಿಂತಳು.

“ಅಣ್ಣನ ಕೊರಳಿನ ಗುರುತು ಶಾಲಿಂದು. ಕಟ್ಟಿದಾಕಿ ನಾನು. ಜಾರಿ ಬಿತ್ತು. ಇಲ್ಲೆ ಕುಂತೋರೊಳಗ, ಅಪ್ಪನ್ನ ಗ್ವಾಡಿಗೆ ಕಟ್ಟಲಾರದ ಮಣ್ಣ ಮಾಡಿದೋರು ಯಾರರ ಅದೀರೇನು?”

ಎಲ್ಲರೂ ತಟ್ಟೆ ನೋಡಿದರು. ಶೇಂಗಾ ಹಾಕಿಸಿಕೊಂಡಿದ್ದ ಹಿರಿಯರು ಬಾಯಿ ಒರೆಸಿಕೊಂಡು, ಕಟ್ಟತೀವಿ ಖರೇ ತಂಗಿ, ಆದರೂ ಎಂದರು.

ಅವರಿಗೆ ಗೊತ್ತಿತ್ತು. ಅದೇ ಅವಳಿಗೆ ಅಸಹ್ಯವಾದದ್ದು. ಗೊತ್ತಿಲ್ಲದವರು ನಂಬಿದರೆ ಹೇಳಿ ತಿದ್ದಬಹುದು. ಇವರೆಲ್ಲ ತಮ್ಮ ತಮ್ಮ ಅಪ್ಪಂದಿರ ಹಣೆಗೆ ಅರಿವೆ ಸುತ್ತಿದವರು, ಗೂಟ ಹುಡುಕಿದವರು, ಜಾರಿದರೆ ಏರಿಸಿ ಕಟ್ಟಿದವರು. ಆ ಕೈಗಳಿಂದಲೇ ಕೆಂಪು ದುಂಡಿನ ಫೋಟೋವನ್ನು ಮುಂದಕ್ಕೆ ಕಳಿಸಿದ್ದರು.

ಮರುದಿನ ಅವಳು ಮಂದಾಕಿನಿಯವರ ಮನೆಗೆ ಹೋದಳು. ಹಾರ್ಟ್ ನಿಂತದ ಎಂದವರು ಟಿವಿಯವರ ಮುಂದೆ, ಪೋಸ್ಟ್‌ಮಾರ್ಟಂ ಆಗದೆ ಖಚಿತವಾಗಿ ಹೇಳಲಾಗದು ಎಂದಿದ್ದರು. ಈಗ ಮುರಿಗೆವ್ವನ ಎರಡೂ ಕೈ ಹಿಡಿದುಕೊಂಡರು.

“ನನಗ ಗೊತ್ತದ ಮುರಿಗೆವ್ವಾರ, ಹಾರ್ಟೇ ಅದು. ಆದ್ರ ಈಗ ಅದನ್ನ ಹೇಳಿದ್ರ ನನ್ನ ದವಾಖಾನಿ ಗಾಜು ಉಳೀತಾವೇನ್ರಿ? ನೀವ ಹೇಳ್ರಿ.”

ಗಾಜು ಉಳಿಸಿಕೊಳ್ರಿ ಎಂದು ಹೇಳಿ ಮುರಿಗೆವ್ವ ಎದ್ದು ಬಂದಳು. ಅವರು ಕೊಟ್ಟ ಕಷಾಯ ಮುಟ್ಟಲಿಲ್ಲ.

ಅಲ್ಲಿಂದ ಪೊಲೀಸ್ ಠಾಣೆಗೆ. ಇನ್ಸ್‌ಪೆಕ್ಟರು ಎದ್ದು ನಿಂತು, ಕುರ್ಚಿ ಕೊಟ್ಟು, ಫ್ಯಾನು ಹೆಚ್ಚು ಮಾಡಿಸಿದರು. ಅವಳು ಮೊದಲಿನಿಂದ ಕೊನೆಯ ತನಕ ಹೇಳಿದಳು. ಅವರು ಬರೆದುಕೊಳ್ಳಲಿಲ್ಲ. ದುಃಖದಾಗ ಅದೀರಿ ಅಮ್ಮಾರ, ಆಮ್ಯಾಲೆ ಬರಕೊಳ್ಳೂಣಂತ ಎಂದರು. ಇದನ್ನೇ ಕಮರುದ್ದೀನನೂ ಹೇಳಿದ್ದನಂತೆ. ಶಾಲು ಜಾರಿ ಕೊರಳಿಗೆ ಬಿತ್ತು, ನಾವೇ ಕಟ್ಟಿದ್ದು ಎಂದಿದ್ದನಂತೆ. ಅದರಲ್ಲಿ ಜಾರಿದ್ದನ್ನು ಬಿಟ್ಟು, ಶಾಲು, ಕೊರಳು, ಕಟ್ಟಿದ್ದು ಇಷ್ಟನ್ನು ಉಳಿಸಿಕೊಂಡು, ಆರೋಪಿ ಒಪ್ಪಿಕೊಂಡಿದ್ದಾನೆ ಎಂದು ಇವರು ಬೆಳಿಗ್ಗೆಯೇ ಪತ್ರಿಕೆಯವರಿಗೆ ಹೇಳಿಯಾಗಿತ್ತು.

ಹಂಗಾರ ಕುಣಿ ಅಗೀರಿ ಎಂದಳು ಮುರಿಗೆವ್ವ. ಸತ್ತ ಮೇಲೆ ಬಿದ್ದ ಗುರುತು ಯಾವುದು, ಸಾಯುವ ಮೊದಲಿನದು ಯಾವುದು, ಡಾಕ್ಟರಿಗೆ ತಿಳಿಯುತ್ತದಲ್ಲ, ಅಣ್ಣನ ಹೆಣ ತೆಗೆದು ನೋಡಿರಿ, ನಾನೇ ಮುಂದೆ ನಿಲ್ಲುತ್ತೇನೆ. ಇನ್ಸ್‌ಪೆಕ್ಟರು ಒಂದು ಕಾಗದ ತೆಗೆದು ತೋರಿಸಿದರು. ಸಮಾಧಿ ಮುಟ್ಟಿದರೆ ಧರ್ಮಕ್ಕೆ ಅಪಚಾರ, ಊರು ಹತ್ತಿ ಉರಿದೀತು ಎಂದು ಶಿವಯೋಗೀಶ ಬರೆದು ಕೊಟ್ಟಿದ್ದನಂತೆ. ಮೇಲಿನವರಿಗೂ ಅದೇ ಬೇಕಾಗಿತ್ತು. ಹೆಣ ಮೇಲೆ ಬಂದರೆ ಅನುಮಾನ ಸತ್ತುಹೋಗುತ್ತದೆ. ಅವರಿಗೆ ಅನುಮಾನ ಬದುಕಬೇಕಿತ್ತು, ಕನಿಷ್ಠ ಚುನಾವಣೆ ತನಕ.

ಬಾಗಿಲ ತನಕ ಕಳಿಸಲು ಬಂದ ಇನ್ಸ್‌ಪೆಕ್ಟರು ದನಿ ತಗ್ಗಿಸಿದರು.

“ಖರೇ ಹೇಳತೇನ್ರಿ ಅಮ್ಮಾರ. ಆವತ್ತ ಮನ್ಯಾಗ ಇದ್ದೋರು ಅವಾ ಮತ್ತ ನೀವು. ಅವನ ಮ್ಯಾಲೆ ಅನುಮಾನ ಐತಿ ಅಂತ ನೀವಂದ್ರ ಕೇಸ್ ನಿಲ್ಲತೈತಿ. ನೀವು ಅನಲಿಲ್ಲಂದ್ರ, ಭಾಳ ದಿನ ಅವನ್ನ ಇಟ್ಟುಕೊಳ್ಳಾಕ ನನಗಾಗಂಗಿಲ್ಲ. ವಿಚಾರ ಮಾಡ್ರಿ.”

ಹೀಗೆ ಒಬ್ಬ ಮನುಷ್ಯನ ಕೊರಳು ಅವಳ ನಾಲಿಗೆಗೆ ಬಂದು ನಿಂತಿತು.

ಆಟೋ ಮಾಡಿಕೊಂಡು ಹಳೇ ಹುಬ್ಬಳ್ಳಿಗೆ ಹೋದಳು. ಓಣಿ ಸಣ್ಣದು, ತಿರುವಿನಲ್ಲೇ ಇಳಿಯಬೇಕಾಯಿತು. ಸುಟ್ಟ ರಬ್ಬರಿನ ವಾಸನೆ ಗಂಟಲಿಗೆ ಹತ್ತಿತು. ಗ್ಯಾರೇಜಿನ ಶೆಟರು ಸೊಟ್ಟಗಾಗಿ ಒಳಕ್ಕೆ ಮಡಚಿತ್ತು. ಕಮರುದ್ದೀನನ ಮಗಳು ಜೋಯಾ ಮಸಿಯೊಳಗಿಂದ ಪಾನಾ ಹತ್ಯಾರಗಳನ್ನು ಆರಿಸಿ ಒಂದು ಬುಟ್ಟಿಗೆ ಹಾಕುತ್ತಿದ್ದಳು. ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು ಅವಳು. ಸದ್ಯಕ್ಕೆ ಬರಬೇಡ ಎಂದು ಶಾಲೆಯವರು ಫೋನು ಮಾಡಿದ್ದರು. ಹುಡುಗಿಯಾಗಿದ್ದಾಗ ಪರೀಕ್ಷೆ ಬಂತೆಂದರೆ ವಿದ್ಯಾನಗರಕ್ಕೆ ಬಂದು ಮುರಿಗೆವ್ವನ ಹತ್ತಿರ ಕನ್ನಡ ಓದಿದವಳು. ಅವಳನ್ನು ನೋಡುತ್ತಲೇ ಮುರಿಗೆವ್ವನ ಕಣ್ಣು ತುಂಬಿದವು.

“ಅಳಬ್ಯಾಡ್ರಿ ಅಮ್ಮಾರ,” ಎಂದಳು ಜೋಯಾ, ಕೈಯ ಮಸಿ ಒರೆಸಿಕೊಳ್ಳುತ್ತ. “ಅಳೋರು ಭಾಳ ಮಂದಿ ಬಂದು ಫೋಟೋ ತಕ್ಕೊಂಡು ಹೋಗ್ಯಾರ. ನಮಗ ಅಳೋರು ಬ್ಯಾಡ. ಹೇಳೋರು ಬೇಕು.”

ಮುರಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಬುಟ್ಟಿಯ ಒಂದು ಕಡೆ ಹಿಡಿದಳು. ಇಬ್ಬರೂ ಅದನ್ನು ಮನೆಯೊಳಗೆ ಇಟ್ಟರು.

ಮನೆಗೆ ಬಂದರೆ ಶಿವಯೋಗೀಶ ಕಾಯುತ್ತಿದ್ದ. ಅತ್ತೆ ಎಲ್ಲೆಲ್ಲಿ ಹೋಗಿದ್ದಳೆಂಬುದು ಅವಳಿಗಿಂತ ಮೊದಲು ಮನೆ ತಲುಪಿತ್ತು. ಆದರೂ ಬಯ್ಯಲಿಲ್ಲ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ರವಿವಾರ ದೊಡ್ಡ ಸಭಾಭವನದಲ್ಲಿ ಸಭೆ ಇಟ್ಟಿದ್ದರು. ಜನರಲ್ ನ್ಯಾಯ ಸಮಿತಿ ಎಂದು ಹೆಸರು. ನಾಯಕರೇ ಅಧ್ಯಕ್ಷರು. ಆ ಮೈದಾನದಲ್ಲಿ ಅವರು ಕಟ್ಟಿಸಲಿರುವ ಮಳಿಗೆಗಳಿಗೆ ಜನರಲ್ ಮಡಿವಾಳಪ್ಪ ವಾಣಿಜ್ಯ ಸಂಕೀರ್ಣ ಎಂದು ಹೆಸರಿಡುವುದಾಗಿ ಅಲ್ಲೇ ಘೋಷಿಸುತ್ತಾರಂತೆ. ವಿಧವೆಯರ ಮನೆ ಏನಾಯಿತೋ ಎಂದು ಅವಳು ಕೇಳಿದರೆ, ಮುಂದೆ ನೋಡೋಣ ಎಂದ. ಅತ್ತೆ ವೇದಿಕೆಗೆ ಬರಬೇಕು, ಕಮರುದ್ದೀನನ ಮೇಲೆ ಅನುಮಾನ ಇದೆ ಎಂದು ಮೈಕಿನಲ್ಲಿ ಒಂದು ಮಾತು ಹೇಳಬೇಕು. ಉದ್ದ ಭಾಷಣ ಬೇಡ.

“ನೀನೇ ಎತ್ತಿ ಕಟ್ಟಿದವಾ,” ಎಂದಳು ಮುರಿಗೆವ್ವ. “ನಿನ್ನ ಕೈಯಾಗ ಟವೆಲ್ ಇತ್ತು. ನಿನಗ ಗೊತ್ತಿಲ್ಲೇನು?”

“ಗೊತ್ತಿರೋದು ಬ್ಯಾರೆ, ಹೇಳೋದು ಬ್ಯಾರೆ ಅತ್ತಿ. ಈಗ ನೀ ಖರೇ ಹೇಳಿದ್ರ ಮಂದಿ ಏನಂತಾರ? ತಂಗೀನ ಅಣ್ಣನ ಕೊರಳಿಗೆ ಉರ್ಲ ಹಾಕಿದ್ಲು ಅಂತಾರ. ಮನಿತನದ ಮರ್ಯಾದಿ ಹೋಗತೈತಿ.”

ಆಮೇಲೆ ಅವನು ಮೆಲ್ಲಗೆ, ಮುದ್ದು ಮಾಡುವವನಂತೆ, ಇನ್ನೊಂದು ಮಾತು ಹೇಳಿದ. ನಿನಗೂ ವಯಸ್ಸಾಗೇತಿ ಅತ್ತಿ, ನಾಳೆ ನೀ ಹೋದ್ರ ಲಗೂ ಬಂದು ನಿನ್ನ ಕಾಲ ಮಡಚಿ ಕೂಡ್ರಸೋರು ಯಾರು, ನಾವೋ, ಆ ಕಮರೂನೋ, ಅದೊಂದು ವಿಚಾರ ಮಾಡು.

ಈ ಮಾತಿನ ಭಾರ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಮಕ್ಕಳಿಲ್ಲದ ಹೆಂಗಸಿಗೆ ಅವರ ಜಾತಿಯಲ್ಲಿ ಇದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. ಕೂಡಿಸುವವರಿಲ್ಲದೆ ಸೆಟೆದು ಬಿದ್ದ ಹೆಣವಾಗುವುದು, ಅಡ್ಡ ಹೊತ್ತುಕೊಂಡು ಹೋಗಿ ಹುಗಿಸಿಕೊಳ್ಳುವುದು. ಮುರಿಗೆವ್ವನೂ ಹೆದರಿದಳು. ತಾನು ಹೆದರಿದ್ದು ತಿಳಿದು ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಲಗೂ ಬಂದವರು ಯಾರೆಂಬುದನ್ನು ಅಣ್ಣನ ವಿಷಯದಲ್ಲಿ ಕಣ್ಣಾರೆ ಕಂಡಿದ್ದಳಲ್ಲ. ಕಾಲು ಮಡಚಿದವನು ಈಗ ಠಾಣೆಯಲ್ಲಿದ್ದ. ತಡವಾಗಿ ಬಂದವನು ಮುಂದೆ ಕೂತು ಹೆದರಿಸುತ್ತಿದ್ದ.

ಅವಳು ಸುಮ್ಮನಾದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡು, ರವಿವಾರ ಕಾರು ಕಳಿಸುತ್ತೇನೆ ಎಂದು ಎದ್ದ.

ಸಭಾಭವನ ಕಿಕ್ಕಿರಿದಿತ್ತು. ಸಾಹೇಬರ ಚಿತ್ರ ಮಾಳಿಗೆಯೆತ್ತರ, ಪಕ್ಕದಲ್ಲಿ ನಾಯಕರ ಚಿತ್ರ ಅದಕ್ಕಿಂತ ಒಂದು ಗೇಣು ಎತ್ತರ. ಬೆವರು, ಸೆಂಟು, ಚೆಂಡುಹೂವು ಮೂರೂ ಸೇರಿದ ವಾಸನೆ. ಮುಂದಿನ ಸಾಲಿನಲ್ಲಿ ಮುರಿಗೆವ್ವನಿಗೆ ಗುರುತಿನ ಮುಖಗಳೇ. ಶೇಂಗಾದ ಹಿರಿಯರು ಇದ್ದರು. ಎರಡನೆಯ ಸಾಲಿನ ತುದಿಯಲ್ಲಿ ಮಂದಾಕಿನಿ. ನಾಯಕರು ಮಾತಾಡಿದರು. ಸೈನಿಕ, ಮಣ್ಣು, ನೆತ್ತರು, ತಾಯಿ, ದ್ರೋಹಿ ಎಂಬ ಐದಾರು ಶಬ್ದಗಳನ್ನು ಹಿಂದೆಮುಂದೆ ಮಾಡಿ ಬಹಳ ಹೊತ್ತು ಮಾತಾಡಿ, ನಡುವೆ ಕಣ್ಣು ಒರೆಸಿಕೊಂಡರು. ಮಂದಿ ಚಪ್ಪಾಳೆ ಹೊಡೆದರು. ಸಾವಿನ ಸಭೆಯಲ್ಲಿ ಶಿಳ್ಳೆಯೂ ಬಿತ್ತು.

ಆಮೇಲೆ ಶಿವಯೋಗೀಶ ಮೈಕು ಹಿಡಿದು, ಈಗ ನಮ್ಮ ವೀರಸಹೋದರಿಗೆ ಸನ್ಮಾನ ಎಂದ. ತಟ್ಟೆಯಲ್ಲಿ ಹಣ್ಣಿನ ಬುಟ್ಟಿ ಬಂತು. ಶಾಲು ಬಂತು. ಮೆರೂನ್ ಬಣ್ಣ, ಬಂಗಾರದ ಅಂಚು. ಅದೇ ಅಂಗಡಿ, ಅದೇ ಮಾಲು.

ನಾಯಕರು ಶಾಲು ಬಿಚ್ಚಿ ಹಿಡಿದು ಕ್ಯಾಮೆರಾದ ಕಡೆ ನೋಡಿ ನಕ್ಕರು. ಅದು ಹೆಗಲ ಮೇಲೆ ಬೀಳುವ ಮೊದಲೇ ಮುರಿಗೆವ್ವ ಎರಡೂ ಕೈಯಿಂದ ಇಸಿದುಕೊಂಡಳು. ಸ್ವಲ್ಪ ಬಗ್ಗರಿ ಎಂದಳು. ಮುದುಕಿ ಆಶೀರ್ವಾದ ಮಾಡುತ್ತಾಳೆಂದು ಅವರು ಕೈ ಮುಗಿದು ತಲೆ ಬಗ್ಗಿಸಿದರು. ಫೋಟೋದವರು ಮುಂದೆ ನುಗ್ಗಿದರು. ಮುರಿಗೆವ್ವ ಶಾಲನ್ನು ಉದ್ದಕ್ಕೆ ಮಡಚಿ ಅವರ ಹಣೆಗೆ ಸುತ್ತಿ, ಹಿಂದೆ ಗಂಟು ಹಾಕಿದಳು. ಪೇಟ ಸುತ್ತುವವಳಂತೆ ಅಲ್ಲ, ಹೆಣಕ್ಕೆ ಕಟ್ಟುವವಳಂತೆ ಹಣೆಯ ಮೇಲೆ ಎರಡು ಬೆರಳು ಇಟ್ಟು, ಎಳೆದು, ಬಿಗಿದು ಕಟ್ಟಿದಳು. ಗಂಟಿನ ತುದಿಯನ್ನು ಗೋಡೆಯ ಮೊಳೆ ಹಿಡಿದಂತೆ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಳು.

ಬೆವೆತ ಬೋಳುತಲೆ. ನಾಯಕರು ತಲೆ ಎತ್ತಲು ಗೋಣು ಅಲುಗಿಸಿದರು. ಶಾಲು ಹಣೆಯಿಂದ ಹುಬ್ಬಿಗೆ ಬಂತು, ಹುಬ್ಬಿನಿಂದ ಮೂಗಿಗೆ, ಮೂಗಿನಿಂದ ಸರ್ರನೆ ಜಾರಿ ಕೊರಳಿಗೆ ಬಂದು ನಿಂತಿತು.

ತಮ್ಮ ತಮ್ಮ ಅಪ್ಪನನ್ನು ಗೋಡೆಗೆ ಕಟ್ಟಿದ್ದ ಅಷ್ಟು ಮಂದಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಶೇಂಗಾದ ಹಿರಿಯರು ತಮ್ಮ ಕೊರಳನ್ನು ತಾವೇ ಮುಟ್ಟಿ ನೋಡಿಕೊಂಡರು. ನಾಯಕರು ಕೆಂಪಗಾಗಿ ಶಾಲು ಕಿತ್ತೆಸೆದು ಕುರ್ಚಿಗೆ ಹೋಗಿ ಕೂತರು.

ಶಿವಯೋಗೀಶ ಮೈಕಿನ ಮೇಲೆ ಅಂಗೈ ಮುಚ್ಚಿಕೊಂಡು ಅತ್ತೆಯ ಕಿವಿಯ ಹತ್ತಿರ ಬಂದ. ಅವನ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

“ಆದದ್ದಾತು. ಈಗ ಮೈಕ್ ಹಿಡಿ. ಕಮರುದ್ದೀನನ ಮ್ಯಾಲೆ ಅನುಮಾನ ಐತಿ ಅನ್ನು. ಅಷ್ಟ ಸಾಕು. ಅನಲಿಲ್ಲಂದ್ರ ನೆನಪಿಟಗೋ ಅತ್ತಿ, ನಿನ್ನ ಕೂಡ್ರಸಾಕ ಒಂದ ನರಪಿಳ್ಳಿ ಬರಂಗಿಲ್ಲ.”

ಮುರಿಗೆವ್ವ ಅವನ ಬೆರಳುಗಳನ್ನು ಒಂದೊಂದಾಗಿ ಮೈಕಿನಿಂದ ಬಿಡಿಸಿದಳು.

“ಅನ್ನಂಗಿಲ್ಲ,” ಎಂದಳು. ಮಾತು ಭವನದ ಕೊನೆಯ ಗೋಡೆಯ ತನಕ ಕೇಳಿಸಿತು. “ನನ್ನ ಮಲಗಿಸೇ ಹುಗೀರಿ.”